ಹೇಳಿದ ಹೊತ್ತಿಗೆ ನಿಲ್ಲದ ಪಂಪು: ಟೈಮರ್, ಕಾಲ್‌ಬ್ಯಾಕ್ ತಪ್ಪುಗಳನ್ನು ಹಿಡಿಯುವ ಬಗೆ

ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಲೇ ಇರಬೇಕು. ನೀರು ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಿಲದ) ಟಾಂಕಿಯದ್ದೋ, ಕೆರೆಯದ್ದೋ, ಬೋರಿನದ್ದೋ ಆಗಿರಬಹುದು. ಲೈನು ಬದಲಿಸಲು ಗುಡ್ಡೆ ಹತ್ತಿ ಇಳಿಯುವ ಕೆಲಸ ತಪ್ಪಲಿ ಎಂದು ಪಂಪ್‌ಶೆಡ್ಡಿನಲ್ಲಿ ಒಂದು ನೋಡ್‌ಎಂಸಿಯು ಬೋರ್ಡು (ಇಎಸ್‌ಪಿ8266 ಎಂಬ ವೈಫೈ ಚಿಪ್ಪಿರುವ ಪುಟ್ಟ ನಿಯಂತ್ರಣ ಬೋರ್ಡು), ಅದರ ಮಾತಿಗೆ ಪಂಪಿನ ಕರೆಂಟು ಕೊಟ್ಟು ಕಡಿಯುವ ರಿಲೇ, ಕಾಂಟ್ಯಾಕ್ಟರ್ ಕೂರಿಸಿ, ಮನೆಯ ಒಂದು ಸಣ್ಣ ಕಂಪ್ಯೂಟರಿನಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ನೋಡ್.ಜೆಎಸ್ ಪ್ರೋಗ್ರಾಂ ಓಡಿಸಿ, ಮಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ಫೋನಿನಲ್ಲಿ ಬಟನ್ ಇಟ್ಟುಕೊಳ್ಳುವ ಏರ್ಪಾಡು ಕಷ್ಟದ್ದೇನಲ್ಲ. ಕಷ್ಟ ಶುರುವಾಗುವುದು ಆಮೇಲೆ. "ಇಪ್ಪತ್ತು ನಿಮಿಷ ಹಾಕಿದ್ದೆ, ಎಂತದಕ್ಕೆ ನಿಂತಿಲ್ಲ?" ಎಂಬ ಫೋನು ತೋಟದಿಂದ ಬಂದಾಗ ಟಾಂಕಿ ಖಾಲಿಯಾಗಿರುತ್ತದೆ, ಪಂಪು ಒಣಗಿ ತಿರುಗುತ್ತಿರುತ್ತದೆ.

ಇಂಥ ತಪ್ಪುಗಳನ್ನು ಎಲ್ಲಿ ಹುಡುಕಬೇಕು, ಹೇಗೆ ಸರಿಮಾಡಬೇಕು ಎಂಬುದು ಇಲ್ಲಿದೆ. ಆದೇಶಗಳ ಹೆಸರನ್ನೆಲ್ಲ ಕನ್ನಡ ಅಕ್ಷರದಲ್ಲೇ ಕೊಟ್ಟಿದೆ. ಪ್ರೋಗ್ರಾಮಿನಲ್ಲಿ ಟೈಪ್ ಮಾಡುವಾಗ ಆಯಾ ಭಾಷೆಯ ಇಂಗ್ಲಿಷ್ ಕಾಗುಣಿತವನ್ನೇ ಬಳಸಿ.

ಮೊದಲೇ ಮನಸ್ಸಿನಲ್ಲಿ ಕೂರಬೇಕಾದ ಒಂದು ಮಾತು: 20 ನಿಮಿಷದ ಟೈಮರ್ ಹಾಕಿದರೆ "20 ನಿಮಿಷಕ್ಕೆ ಸರಿಯಾಗಿ ಮಾಡುತ್ತೇನೆ" ಎಂದು ಯಾರೂ ಒಪ್ಪಿಕೊಂಡಿರುವುದಿಲ್ಲ. "20 ನಿಮಿಷ ಆಗುವ ಮೊದಲು ಮಾಡುವುದಿಲ್ಲ, ಆದ ಮೇಲೆ ಕೈ ಬಿಡುವಾದಾಗ ಮಾಡುತ್ತೇನೆ" ಎಂಬಷ್ಟೇ ಅದರ ಒಪ್ಪಂದ. ಕೈ ಬಿಡುವಾಗದಂತೆ ಮಾಡಿದ್ದು ಯಾವುದು ಎಂದು ಹುಡುಕುವುದೇ ಈ ಕೆಲಸದ ಅರ್ಧ ಪಾಲು.

ಮೊದಲು ಹೊತ್ತು ಬರೆದಿಡಿ

ಕೋಡು ತಿದ್ದುವ ಆತುರ ಬೇಡ. ಟೈಮರ್ ಇಟ್ಟ ಹೊತ್ತು, ಅದು ಓಡಬೇಕಾಗಿದ್ದ ಹೊತ್ತು, ಕಾಲ್‌ಬ್ಯಾಕ್ (ಹೊತ್ತಾದಾಗ ಅಥವಾ ಸಂದೇಶ ಬಂದಾಗ ಓಡಲೆಂದು ಕೊಟ್ಟಿಟ್ಟ ಫಂಕ್ಷನ್) ನಿಜವಾಗಿ ಶುರುವಾದ ಹೊತ್ತು, ಮುಗಿದ ಹೊತ್ತು, ಈ ನಾಲ್ಕನ್ನು ಲಾಗ್‌ಗೆ ಬರೆಸಿ. ಜೊತೆಗೆ ಪ್ರತಿ ಟೈಮರಿಗೂ ಒಂದು ಓಟದ ಸಂಖ್ಯೆ ಕೊಡಿ: 1, 2, 3 ಹೀಗೆ. ಎರಡು ಟೈಮರ್ ಒಂದೇ ಪಂಪಿನ ಮೇಲೆ ಕೈ ಹಾಕುತ್ತಿದ್ದರೆ ಈ ಸಂಖ್ಯೆ ಇಲ್ಲದೆ ಅದು ಕಣ್ಣಿಗೆ ಬೀಳುವುದೇ ಇಲ್ಲ.

ಅಳೆಯುವ ಗಡಿಯಾರವೂ ಸರಿಯಾದದ್ದಾಗಬೇಕು. ಬೋರ್ಡಿನಲ್ಲಿ ಮಿಲಿಸ್() (ಬೋರ್ಡು ಎದ್ದಂದಿನಿಂದ ಕಳೆದ ಮಿಲಿಸೆಕೆಂಡುಗಳ ಎಣಿಕೆ), ಜಾವಾಸ್ಕ್ರಿಪ್ಟಿನಲ್ಲಿ ಪರ್ಫಾರ್ಮೆನ್ಸ್.ನೌ() ಬಳಸಿ, ಇವು ಮುಂದಕ್ಕೇ ಹೋಗುವ ಗಡಿಯಾರಗಳು. ಡೇಟ್.ನೌ() ಗೋಡೆ ಗಡಿಯಾರದ ಹಾಗೆ, ಇಂಟರ್ನೆಟ್ಟಿನಿಂದ ಸಮಯ ತಿದ್ದಿಕೊಂಡಾಗ ಹಿಂದಕ್ಕೂ ಜಿಗಿಯುತ್ತದೆ. ಕರೆಂಟು ಬಂದು ಕಂಪ್ಯೂಟರ್ ಎದ್ದ ಕೂಡಲೇ ಇಂಥ ತಿದ್ದುವಿಕೆ ನಡೆಯುವುದು ಹೆಚ್ಚು.

ಲಾಗ್ ಓದುವಾಗ ತಪ್ಪಿನ ಆಕಾರ ನೋಡಿ. ಕಾಲ್‌ಬ್ಯಾಕ್ ಕೂಡಲೇ ಓಡಿದ್ದರೆ ಕರೆಯುವ ರೀತಿ ತಪ್ಪು, ಇಲ್ಲವೇ ಅಂಕೆ ತುಂಬಿ ಉಕ್ಕಿದೆ. ದಿನದಿಂದ ದಿನಕ್ಕೆ ತುಸುತುಸುವೇ ತಡವಾಗುತ್ತಿದ್ದರೆ ಮುಂದಿನ ಹೊತ್ತನ್ನು "ಈಗಿನಿಂದ" ಲೆಕ್ಕ ಹಾಕಲಾಗಿದೆ. ಎರಡೆರಡು ಸಲ ಓಡಿದರೆ ಹಳೆಯ ಟೈಮರನ್ನು ರದ್ದು ಮಾಡಿಲ್ಲ. ಓಡಲೇ ಇಲ್ಲವೆಂದರೆ ಯಾವುದೋ ಕೆಲಸ ದಾರಿ ಕಟ್ಟಿ ಕೂತಿದೆ, ಅಥವಾ ಪ್ರೋಗ್ರಾಮೇ ಸತ್ತಿದೆ.

ಬೋರ್ಡಿನೊಳಗೆ: ಡಿಲೇ ಮತ್ತು ಮಿಲಿಸ್

ಹೊಸತಾಗಿ ಬರೆಯುವವರ ಮೊದಲ ಪ್ರೋಗ್ರಾಂ ಸಾಮಾನ್ಯವಾಗಿ ಹೀಗಿರುತ್ತದೆ: ರಿಲೇ ಆನ್, ಡಿಲೇ(1200000), ರಿಲೇ ಆಫ್. ಪಂಪು 20 ನಿಮಿಷ ಓಡಿ ನಿಲ್ಲುತ್ತದೆ, ಸರಿ. ಆದರೆ ಆ 20 ನಿಮಿಷ ಬೋರ್ಡಿಗೆ ಕಿವಿಯಿಲ್ಲ. ನಿಲ್ಲಿಸುವ ಬಟನ್ ಒತ್ತಿದರೂ, ಟಾಂಕಿಯ ಫ್ಲೋಟ್ ಸ್ವಿಚ್ ಬಿದ್ದರೂ, ಫೋನಿನಿಂದ ಆದೇಶ ಬಂದರೂ ನೋಡುವವರಿಲ್ಲ. ಇಎಸ್‌ಪಿ8266 ಚಿಪ್ಪಿನಲ್ಲಿ ಡಿಲೇ ನಡೆಯುವಾಗ ಒಳಗಿನ ವೈಫೈ ಕೆಲಸ ಸಾಗುತ್ತದೆ, ಹಾಗಾಗಿ ಬೋರ್ಡು ರೀಸೆಟ್ ಆಗುವುದಿಲ್ಲ. ನೀವು ಬರೆದ ಲೂಪ್ ಮಾತ್ರ ಅಲ್ಲೇ ನಿಂತಿರುತ್ತದೆ. ಅದೇ ಡಿಲೇ ಬದಲು ಖಾಲಿ ವೈಲ್ ಲೂಪಿನಲ್ಲಿ ಕಾಯಿಸಿದರೆ ಸುಮಾರು 3 ಸೆಕೆಂಡಿಗೆ ವಾಚ್‌ಡಾಗ್ (ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿದೆಯೇ ಎಂದು ನೋಡುವ ಕಾವಲು ಟೈಮರ್) ಎದ್ದು ಬೋರ್ಡನ್ನು ರೀಸೆಟ್ ಮಾಡುತ್ತದೆ. ಸೀರಿಯಲ್ ಮಾನಿಟರಿನಲ್ಲಿ "ಸಾಫ್ಟ್ ಡಬ್ಲ್ಯುಡಿಟಿ ರೀಸೆಟ್" ಎಂದು ಕಂಡರೆ ಕಾರಣ ಇದೇ: ಎಲ್ಲೋ ಒಂದು ಲೂಪು ಯೀಲ್ಡ್() ಕೊಡದೆ, ಅಂದರೆ ಒಳಗಿನ ಕೆಲಸಕ್ಕೆ ಎಡೆ ಬಿಡದೆ ತಿರುಗುತ್ತಿದೆ.

ಸರಿಯಾದ ದಾರಿ, ಲೂಪ್ ಪ್ರತಿ ಸಲ ತಿರುಗುವಾಗ ಹೊತ್ತು ಕೇಳುವುದು:

ಇಫ್ (ಪಂಪ್‌ಓಡುತ್ತಿದೆ && ಮಿಲಿಸ್() - ಶುರು >= ಅವಧಿ) ಪಂಪ್‌ನಿಲ್ಲಿಸು();

ಇಲ್ಲಿ ಶುರು, ಅವಧಿ ಎರಡೂ ಅನ್‌ಸೈನ್ಡ್ ಲಾಂಗ್ (ಮೈನಸ್ ಇಲ್ಲದ 32 ಬಿಟ್ ಅಂಕೆ) ಆಗಿರಲೇಬೇಕು. ಕಳೆಯುವ ಲೆಕ್ಕವನ್ನು ಹಾಗೇ ಬಿಡಿ; ಅದನ್ನು ಮಿಲಿಸ್() >= ಶುರು + ಅವಧಿ ಎಂದು ತಿರುಗಿಸಿ ಬರೆದರೆ ಕೇಡು. ಮಿಲಿಸ್ 32 ಬಿಟ್‌ನ ಅಂಕೆ. 4294967295 ತಲುಪಿದ ಮೇಲೆ ಮತ್ತೆ ಸೊನ್ನೆಗೆ ಬರುತ್ತದೆ, ಅಂದರೆ 49 ದಿನ 17 ಗಂಟೆ 2 ನಿಮಿಷ 47 ಸೆಕೆಂಡಿಗೊಮ್ಮೆ. ಆ ಗಳಿಗೆಯ ಹತ್ತಿರ ಕೂಡಿಸಿದರೆ ಮೊತ್ತ ಉಕ್ಕಿ ಸಣ್ಣ ಅಂಕೆಯಾಗುತ್ತದೆ, ಪಂಪು ಶುರುವಾದ ಕೂಡಲೇ ನಿಲ್ಲುತ್ತದೆ. ಕಳೆದರೆ ಈ ತೊಂದರೆ ಇಲ್ಲ: ರಾತ್ರಿ 11ಕ್ಕೆ ಮಲಗಿ 2ಕ್ಕೆ ಎದ್ದರೆ 3 ಗಂಟೆ ನಿದ್ರೆ ಎಂದು ಲೆಕ್ಕ ಹಾಕುತ್ತೇವಲ್ಲ, ಗಡಿಯಾರ ಮಧ್ಯೆ 12 ದಾಟಿದ್ದು ಲೆಕ್ಕಕ್ಕೆ ಅಡ್ಡ ಬರುವುದಿಲ್ಲ.

ಈ ತಪ್ಪು ನಮ್ಮ ಕಡೆ ವರ್ಷಗಟ್ಟಲೆ ಅಡಗಿ ಕೂರಬಲ್ಲದು. ಕರೆಂಟು ಹೋಗಿ ಬಂದಾಗಲೆಲ್ಲ ಬೋರ್ಡು ಹೊಸತಾಗಿ ಎದ್ದು ಮಿಲಿಸ್ ಸೊನ್ನೆಯಿಂದ ಶುರುವಾಗುತ್ತದೆ, 49 ದಿನ ತುಂಬುವುದೇ ಇಲ್ಲ. ಬೋರ್ಡಿಗೆ ಇನ್‌ವರ್ಟರ್ ಅಥವಾ ಬ್ಯಾಟರಿ ಕೊಟ್ಟ ವರ್ಷ ಅದು ಹೊರಗೆ ಬರುತ್ತದೆ. ಡಿಸೆಂಬರಿನಿಂದ ಮೇ ತನಕದ ಒಂದು ಬೇಸಗೆಯಲ್ಲೇ ಮೂರು ಸಲ. ಬ್ಯಾಟರಿ ಹಾಕಿದ ಮೇಲೆ ಕೆಟ್ಟಿತು ಎಂದು ಬ್ಯಾಟರಿಯನ್ನು ದೂರುವ ಮೊದಲು ಕೂಡಿಸುವ ಲೆಕ್ಕವನ್ನು ಹುಡುಕಿ.

ಆರ್ಡುಯಿನೊ ಊನೊ ಬೋರ್ಡು ಬಳಸುವವರಿಗೆ ಇನ್ನೊಂದು ಹೊಂಡ ಇದೆ, ಇದನ್ನು ನಿಧಾನವಾಗಿ ನೋಡಬೇಕು. ಊನೊದಲ್ಲಿ ಇಂಟ್ (ಪೂರ್ಣಾಂಕದ ಮಾಮೂಲು ಬಗೆ) 16 ಬಿಟ್‌ನದು, 32767 ದಾಟಲಾರದು. ಅವಧಿ = 20 * 60 * 1000 ಎಂದು ಬರೆದರೆ ಬಲಗಡೆಯ ಮೂರೂ ಅಂಕೆ ಇಂಟ್; ಎಡಗಡೆ ಅನ್‌ಸೈನ್ಡ್ ಲಾಂಗ್ ಇದ್ದರೂ ಗುಣಾಕಾರ 16 ಬಿಟ್‌ನಲ್ಲೇ ನಡೆಯುತ್ತದೆ. 1200000 ಅಲ್ಲಿ ಹಿಡಿಸದೆ 20352 ಉಳಿಯುತ್ತದೆ. 20 ನಿಮಿಷದ ಪಂಪು 20 ಸೆಕೆಂಡಿಗೆ ನಿಲ್ಲುತ್ತದೆ! ಯಾರೋ ನಿಮಿಷದ ಜಾಗದಲ್ಲಿ ಸೆಕೆಂಡು ಹಾಕಿದ್ದಾರೆ ಎಂದೇ ತೋರುವಷ್ಟು ಹತ್ತಿರದ ಅಂಕೆ, ಅದಕ್ಕೇ ಹುಡುಕುವವರು ದಾರಿ ತಪ್ಪುತ್ತಾರೆ. ಅದೇ 15 ನಿಮಿಷ ಹಾಕಿ ನೋಡಿ. 900000 ಉಕ್ಕಿ ಮೈನಸ್ 17504 ಆಗುತ್ತದೆ, ಅದನ್ನು ಅನ್‌ಸೈನ್ಡ್ ಲಾಂಗಿಗೆ ತುಂಬಿದಾಗ 4294949792, ಅಂದರೆ 49 ದಿನಕ್ಕೂ ಮೇಲೆ. 20 ನಿಮಿಷ ಕೇಳಿದರೆ 20 ಸೆಕೆಂಡು, 15 ನಿಮಿಷ ಕೇಳಿದರೆ ನಿಲ್ಲುವುದೇ ಇಲ್ಲ. ಮೊದಲ ಅಂಕೆಗೆ ಯುಎಲ್ ಅಂಟಿಸಿ, 20ಯುಎಲ್ * 60 * 1000 ಎಂದು ಬರೆದರೆ ಇಡೀ ಗುಣಾಕಾರ 32 ಬಿಟ್‌ಗೆ ಏರುತ್ತದೆ. ಇಎಸ್‌ಪಿ8266ರಲ್ಲಿ ಇಂಟ್ 32 ಬಿಟ್ ಆದ್ದರಿಂದ ಈ ತಪ್ಪು ಕಾಣುವುದಿಲ್ಲ. ಅಲ್ಲಿ ಸರಿಯಿದ್ದ ಕೋಡನ್ನು ಊನೊಗೆ ತಂದಾಗ ಕೆಡುತ್ತದೆ.

ನಿತ್ಯದ ಕೆಲಸ, ಉದಾಹರಣೆಗೆ ನಿಮಿಷಕ್ಕೊಮ್ಮೆ ನೀರಿನ ಮಟ್ಟ ಅಳೆಯುವುದು ಹಿಂದೆ ಬೀಳುತ್ತಿದ್ದರೆ ಕೊನೆಯ ಸಲ = ಮಿಲಿಸ್() ಎಂದಿರುವ ಸಾಲನ್ನು ಕೊನೆಯ ಸಲ += ಅವಧಿ ಎಂದು ತಿದ್ದಿ. ಮೊದಲಿನದರಲ್ಲಿ ಪ್ರತಿ ಸುತ್ತಿನ ತಡವೂ ಸೇರಿಕೊಳ್ಳುತ್ತ ಹೋಗುತ್ತದೆ, ಎರಡನೆಯದರಲ್ಲಿ ಸೇರುವುದಿಲ್ಲ.

ಇಂಟರಪ್ಟ್, ಟಿಕರ್, ಸಂದೇಶದ ಕಾಲ್‌ಬ್ಯಾಕ್

ಫ್ಲೋ ಸೆನ್ಸರಿನ ಪಲ್ಸ್ ಎಣಿಸಲು ಇಂಟರಪ್ಟ್ ಬೇಕು, ಅಂದರೆ ಪಲ್ಸ್ ಬಂದ ಕೂಡಲೇ ಲೂಪನ್ನು ತಡೆದು ಓಡುವ ಕಾಲ್‌ಬ್ಯಾಕ್. ಆ ಕಾಲ್‌ಬ್ಯಾಕಿನೊಳಗೆ ಎಣಿಕೆಗೆ ಒಂದು ಕೂಡಿಸಿ ಹೊರಗೆ ಬನ್ನಿ, ಅಷ್ಟೇ. ಅಲ್ಲಿ ಸೀರಿಯಲ್ ಪ್ರಿಂಟ್ ಬೇಡ, ಡಿಲೇ ಬೇಡ, ನೆಟ್‌ವರ್ಕ್ ಬೇಡವೇ ಬೇಡ. ಎಣಿಕೆಯ ವೇರಿಯಬಲ್‌ಗೆ ವೋಲಟೈಲ್ ಎಂದು ಸೇರಿಸದಿದ್ದರೆ ಲೂಪು ಹಳೆಯ ಅಂಕೆಯನ್ನೇ ನೋಡುತ್ತ ಕೂರಬಹುದು. ಇಎಸ್‌ಪಿ8266ರಲ್ಲಿ ಆ ಫಂಕ್ಷನ್ನಿಗೆ ಐರ್ಯಾಮ್_ಆಟ್ರ್ ಗುರುತು ಹಾಕಲೇಬೇಕು, ಇಲ್ಲದಿದ್ದರೆ ಬೋರ್ಡು ಕ್ರ್ಯಾಶ್ ಆಗುತ್ತದೆ. ಊನೊದಂಥ 8 ಬಿಟ್ ಚಿಪ್ಪಿನಲ್ಲಿ ನಾಲ್ಕು ಬೈಟಿನ ಎಣಿಕೆಯನ್ನು ಒಂದೇ ಏಟಿಗೆ ಓದಲು ಆಗುವುದಿಲ್ಲ. ಓದುವ ಮಧ್ಯೆ ಪಲ್ಸ್ ಬಂದರೆ ಅರ್ಧ ಹಳೆಯದು, ಅರ್ಧ ಹೊಸತು ಸಿಗುತ್ತದೆ. ಓದುವ ಮೊದಲು ನೋಇಂಟರಪ್ಟ್ಸ್(), ಓದಿದ ಮೇಲೆ ಇಂಟರಪ್ಟ್ಸ್() ಕೊಡಿ.

ಟಾಂಕಿಯಿಂದ ಶೆಡ್ಡಿಗೆ ಎಳೆದ ಉದ್ದ ತಂತಿಯಲ್ಲಿ ಕಾಂಟ್ಯಾಕ್ಟರ್ ಬಿಡುವಾಗಿನ ಕಿಡಿಯೂ ಪಲ್ಸ್ ಆಗಿ ಬರುತ್ತದೆ. ಪ್ರೋಗ್ರಾಂ ಸರಿಯಿದ್ದೂ ಪಂಪು ನಿಲ್ಲಿಸಿದ ಕ್ಷಣದಲ್ಲೇ ಎಣಿಕೆ ಜಿಗಿಯುತ್ತಿದ್ದರೆ ತಪ್ಪು ತಂತಿಯಲ್ಲಿದೆ. ಚಿಪ್ಪಿನ ಒಳಗಿನ ಪುಲ್‌ಅಪ್ (ತಂತಿಯನ್ನು ಹೈ ಸ್ಥಿತಿಯಲ್ಲಿ ಹಿಡಿಯುವ ರೆಸಿಸ್ಟರ್) ನಂಬದೆ ಹೊರಗಿನಿಂದ 4.7 ಕಿಲೋಓಮ್ ರೆಸಿಸ್ಟರ್ ಹಾಕಿ, ಸೆನ್ಸರ್ ತಂತಿಯನ್ನು ಮೋಟರಿನ ಕೇಬಲ್‌ನಿಂದ ದೂರ ಎಳೆಯಿರಿ. ಬಟನ್ ಆದರೆ 50 ಮಿಲಿಸೆಕೆಂಡು ಒಂದೇ ಸ್ಥಿತಿಯಲ್ಲಿದ್ದ ಮೇಲೆ ನಂಬಿ. ಫ್ಲೋಟ್ ಸ್ವಿಚ್‌ಗೆ ಅದು ಸಾಲದು. ನೀರು ತುಳುಕುವಾಗ ಅದು ಮೇಲೆ ಕೆಳಗೆ ಆಡುತ್ತದೆ, 3ರಿಂದ 5 ಸೆಕೆಂಡು ಕಾದು ನೋಡಿ.

ನಿಗದಿತ ಹೊತ್ತಿಗೊಮ್ಮೆ ಫಂಕ್ಷನ್ ಕರೆಯುವ ಟಿಕರ್ ಲೈಬ್ರರಿಯ ಕಾಲ್‌ಬ್ಯಾಕಿನಲ್ಲೂ ಭಾರದ ಕೆಲಸ ಬೇಡ. ಒಂದು ಬಾವುಟ ಎತ್ತಿ ಬನ್ನಿ, ಕೆಲಸವನ್ನು ಲೂಪು ಮಾಡಲಿ.

ಬ್ರೋಕರ್ ಎಂಬ ನಡುವಿನ ಸರ್ವರ್ ಮೂಲಕ ಸಂದೇಶ ಸಾಗಿಸುವ ಎಂಕ್ಯೂಟಿಟಿ ಬಳಸುವವರು ಪಬ್‌ಸಬ್‌ಕ್ಲೈಂಟ್ ಲೈಬ್ರರಿಯಲ್ಲಿ ಎರಡು ವಿಷಯ ನೋಡಿಕೊಳ್ಳಬೇಕು. ಸಂದೇಶ ಬಂದಾಗ ಕಾಲ್‌ಬ್ಯಾಕಿಗೆ ಸಿಗುವ ಪೇಲೋಡ್ (ಸಂದೇಶದ ಒಳಗಿನ ಮಾತು), ಲೈಬ್ರರಿಯ ಸ್ವಂತ ಬಫರಿನ ಒಳಗೇ ಇದೆ. ಆ ಕಾಲ್‌ಬ್ಯಾಕಿನಲ್ಲೇ ಉತ್ತರ ಕಳಿಸಲು ಪಬ್ಲಿಷ್ ಕರೆದರೆ ಅದೇ ಬಫರಿನ ಮೇಲೆ ಹೊಸ ಸಂದೇಶ ಬರೆಯಲ್ಪಡುತ್ತದೆ. ಮುಂದಿನ ಸಾಲಿನಲ್ಲಿ ಪೇಲೋಡ್ ಓದಿದರೆ "ಆಫ್" ಇದ್ದ ಜಾಗದಲ್ಲಿ ಕಸ. ಮೊದಲು ನಿಮ್ಮದೇ ಬಫರಿಗೆ ನಕಲು ಮಾಡಿ. ಎರಡನೆಯದು, ಅದರ ಕೀಪ್‌ಅಲೈವ್ (ಇದ್ದೇನೆ ಎಂದು ತಿಳಿಸುವ ಅವಧಿ) ಮೊದಲೇ 15 ಸೆಕೆಂಡಿಗೆ ಇಟ್ಟಿರುತ್ತದೆ, ಅದರ ಒಂದೂವರೆ ಪಟ್ಟು ಹೊತ್ತು ಸುದ್ದಿಯಿಲ್ಲದಿದ್ದರೆ ಬ್ರೋಕರ್ ಸಂಪರ್ಕ ಕಡಿಯುತ್ತದೆ. ಪಂಪು ಶುರುವಾಗಿ 22 ಸೆಕೆಂಡಿನ ಆಸುಪಾಸಿನಲ್ಲಿ ಬೋರ್ಡು ಆಫ್‌ಲೈನ್ ಆಗುತ್ತದೆಯೆಂದರೆ ವೈಫೈ ಸಿಗ್ನಲ್ ಅಳೆಯಲು ಹೋಗಬೇಡಿ. ಕೋಡಿನಲ್ಲಿ ಒಂದು ಉದ್ದ ಡಿಲೇ ಇದ್ದೇ ಇರುತ್ತದೆ.

ಮನೆಯ ಕಂಪ್ಯೂಟರಿನಲ್ಲಿ, ಫೋನಿನಲ್ಲಿ

ಜಾವಾಸ್ಕ್ರಿಪ್ಟಿನಲ್ಲಿ ಒಂದೇ ಸಾಲಿನಲ್ಲಿ ನಿಂತು ಕೆಲಸ ಮಾಡುವ ಒಬ್ಬನೇ ಆಳು ಎಂದುಕೊಳ್ಳಿ. ಕೈಯಲ್ಲಿರುವುದು ಮುಗಿಯದೆ ಮುಂದಿನದನ್ನು ಮುಟ್ಟುವುದಿಲ್ಲ. ಪೂರ್ತಿ ವರ್ಷದ ಲಾಗ್ ಫೈಲನ್ನು ಒಮ್ಮೆಲೇ ಓದಿ ಜೇಸನ್ (ಡೇಟಾ ಬರೆದಿಡುವ ಒಂದು ರೂಪ) ಬಿಡಿಸಲು 3 ಸೆಕೆಂಡು ಹಿಡಿದರೆ, ಆ 3 ಸೆಕೆಂಡಿನಲ್ಲಿ ಮುಗಿದ ಟೈಮರುಗಳೆಲ್ಲ ಸಾಲಿನಲ್ಲಿ ಕಾದು ಆಮೇಲೆ ಒಟ್ಟಿಗೆ ಓಡುತ್ತವೆ. ಲಾಗ್‌ನಲ್ಲಿ ಬೇರೆಬೇರೆ ಟೈಮರುಗಳು ಒಂದೇ ಮಿಲಿಸೆಕೆಂಡಿನಲ್ಲಿ ಓಡಿದಂತೆ ಕಂಡರೆ ಇದೇ ಗುರುತು. ಪ್ರಾಮಿಸ್‌ನ (ಮುಂದೆ ಬರಲಿರುವ ಉತ್ತರಕ್ಕೆ ಕೊಟ್ಟ ಚೀಟಿ) ದೆನ್ ಕಾಲ್‌ಬ್ಯಾಕುಗಳು ಟೈಮರಿಗಿಂತ ಮೊದಲು ಸರದಿ ಪಡೆಯುತ್ತವೆ. ಟೈಮರ್ ಇಡುವ ಸೆಟ್‌ಟೈಮ್‌ಔಟ್‌ಗೆ ಸೊನ್ನೆ ಕೊಟ್ಟರೂ ಅವುಗಳ ನಂತರವೇ.

ಕೂಡಲೇ ಓಡುವ ಟೈಮರಿನ ಕಾರಣ ಹೆಚ್ಚಿನ ಸಲ ಒಂದು ಜೊತೆ ಆವರಣ. ಸೆಟ್‌ಟೈಮ್‌ಔಟ್(ಪಂಪ್‌ನಿಲ್ಲಿಸು(), ಅವಧಿ) ಎಂದರೆ ಈಗಲೇ ನಿಲ್ಲಿಸಿ, ಅದರ ಉತ್ತರವನ್ನು ಟೈಮರಿಗೆ ಕೊಡು ಎಂದರ್ಥ. ಸೆಟ್‌ಟೈಮ್‌ಔಟ್(ಪಂಪ್‌ನಿಲ್ಲಿಸು, ಅವಧಿ) ಎಂದಾಗಬೇಕು. ಪಂಪ್ ಒಂದು ವಸ್ತುವಾಗಿದ್ದು ನಿಲ್ಲಿಸು ಅದರ ಮೆಥಡ್ ಆಗಿದ್ದರೆ () => ಪಂಪ್.ನಿಲ್ಲಿಸು() ಎಂದು ಸುತ್ತಿ ಕೊಡಿ, ಇಲ್ಲದಿದ್ದರೆ ಒಳಗಿನ ದಿಸ್ ಪಂಪನ್ನು ಮರೆಯುತ್ತದೆ. ಲೂಪಿನಲ್ಲಿ ನಾಲ್ಕು ವಾಲ್ವಿನ ಬಟನ್ ಮಾಡಿ ನಾಲ್ಕೂ ಇಲ್ಲದ 5ನೇ ವಾಲ್ವನ್ನು ಕೇಳುತ್ತಿದ್ದರೆ ಲೂಪಿನ ವಾರ್ ಅನ್ನು ಲೆಟ್ ಮಾಡಿ.

ಇನ್ನುಳಿದ ಸಲದ್ದು ಉಕ್ಕುವ ಅಂಕೆ. ಸೆಟ್‌ಟೈಮ್‌ಔಟ್ ಹಿಡಿಯಬಲ್ಲ ಗರಿಷ್ಠ ಅವಧಿ 2147483647 ಮಿಲಿಸೆಕೆಂಡು, ಅಂದರೆ 24 ದಿನ 20 ಗಂಟೆ ಚಿಲ್ಲರೆ. ಕೊಳೆರೋಗಕ್ಕೆ ಮಳೆಗಾಲದ ಮೊದಲು ಬೋರ್ಡೋ ಮದ್ದು ಬಿಟ್ಟು, ಎರಡನೆಯ ಸಲಕ್ಕೆ 45 ದಿನದ ಜ್ಞಾಪನೆ ಇಟ್ಟರೆ ಅದು ಮದ್ದಿನ ಬಾಲ್ದಿ ತೊಳೆಯುವ ಮೊದಲೇ ಬಡಿದುಕೊಳ್ಳುತ್ತದೆ. ಬ್ರೌಸರಿನಲ್ಲಿ 50 ದಿನ ಇಟ್ಟರೆ ಇನ್ನೂ ವಿಚಿತ್ರ: ಅಂಕೆ ಒಂದು ಪೂರ್ತಿ ಸುತ್ತು ಬಂದು ಸುಮಾರು 7 ಗಂಟೆಯ ನಂತರ ಬಡಿಯುತ್ತದೆ. ನೋಡ್.ಜೆಎಸ್ ಎರಡನ್ನೂ 1 ಮಿಲಿಸೆಕೆಂಡಿಗೆ ಇಳಿಸಿ ಟೈಮ್‌ಔಟ್‌ಓವರ್‌ಫ್ಲೋ ಎಂಬ ಎಚ್ಚರಿಕೆ ಬರೆಯುತ್ತದೆ. ಇಷ್ಟು ದೂರದ ಕೆಲಸಕ್ಕೆ ಟೈಮರ್ ಇಡಲೇಬಾರದು. ದಿನಾಂಕವನ್ನು ಫೈಲಿನಲ್ಲಿ ಬರೆದು, ಗಂಟೆಗೊಮ್ಮೆ ದಿನ ಬಂತೇ ಎಂದು ನೋಡಿ. ಕರೆಂಟು ಹೋದರೂ ಅದು ಉಳಿಯುತ್ತದೆ.

ಹಳೆಯ ಟೈಮರ್ ಬದುಕಿರುವುದು ತೋಟದಲ್ಲಿ ಪದೇಪದೇ ಕಾಣುವ ತಪ್ಪು. 20 ನಿಮಿಷಕ್ಕೆ ಹಾಕಿದರು, ಬಿಸಿಲು ಜೋರಿದೆ ಎಂದು ಮಧ್ಯದಲ್ಲಿ 40 ಒತ್ತಿದರು, ಪಂಪು 20ಕ್ಕೇ ನಿಂತಿತು. ಹೊಸ ಟೈಮರ್ ಇಡುವ ಮೊದಲು ಹಳೆಯದರ ಗುರುತನ್ನು ಕ್ಲಿಯರ್‌ಟೈಮ್‌ಔಟ್‌ಗೆ ಕೊಡಬೇಕು, ಆ ಗುರುತನ್ನು ಒಂದೇ ಜಾಗದಲ್ಲಿ ಇಟ್ಟುಕೊಂಡಿರಬೇಕು. ಆದರೆ ಟೈಮರ್ ಆಗಲೇ ಓಡಿ, ಒಳಗಿನ ಫೆಚ್ (ನೆಟ್‌ವರ್ಕಿನಲ್ಲಿ ಕೇಳುವ ಆದೇಶ) ಉತ್ತರಕ್ಕೆ ಕಾಯುತ್ತಿದ್ದರೆ ಕ್ಲಿಯರ್‌ಟೈಮ್‌ಔಟ್ ಏನೂ ಮಾಡಲಾರದು. ಅದಕ್ಕೇ ಓಟದ ಸಂಖ್ಯೆ: ಅವೇಟ್ (ಆ ಕಾಯುವಿಕೆ) ಮುಗಿದ ಕೂಡಲೇ ನನ್ನ ಸಂಖ್ಯೆಯೇ ಈಗಲೂ ನಡೆಯುತ್ತಿರುವ ಸಂಖ್ಯೆಯೇ ಎಂದು ನೋಡಿ, ಅಲ್ಲದಿದ್ದರೆ ಸುಮ್ಮನೆ ಮರಳಬೇಕು.

ಇಷ್ಟು ಹೊತ್ತಿಗೊಮ್ಮೆ ಎಂದು ಮತ್ತೆಮತ್ತೆ ಓಡಿಸುವ ಸೆಟ್‌ಇಂಟರ್‌ವಲ್ ಮತ್ತು ನಿಧಾನದ ನೆಟ್‌ವರ್ಕ್ ಜೊತೆಯಾದಾಗ ಏನಾಗುತ್ತದೆಂದು ಹತ್ತಿರದಿಂದ ನೋಡೋಣ. ಫೋನಿನ ಪುಟ 5 ಸೆಕೆಂಡಿಗೊಮ್ಮೆ ಪಂಪಿನ ಸ್ಥಿತಿ ಕೇಳುತ್ತದೆ. ಗುಡ್ಡದ ಇಳಿಜಾರಿನ ತೋಟ, ಸಿಗ್ನಲ್ ಒಂದು ಕಡ್ಡಿ. 0ನೇ ಸೆಕೆಂಡಿಗೆ ಮೊದಲ ಪ್ರಶ್ನೆ ಕೇಳಿದಾಗ ಪಂಪು ಓಡುತ್ತಿತ್ತು, "ಓಡುತ್ತಿದೆ" ಎಂಬ ಅದರ ಉತ್ತರ ಬರುವುದು 8ನೇ ಸೆಕೆಂಡಿಗೆ. 3ನೇ ಸೆಕೆಂಡಿಗೆ ಪಂಪು ನಿಂತಿತು. 5ನೇ ಸೆಕೆಂಡಿಗೆ ಕೇಳಿದ ಎರಡನೇ ಪ್ರಶ್ನೆಯ ಉತ್ತರ "ನಿಂತಿದೆ" ಎಂದು 6ನೇ ಸೆಕೆಂಡಿಗೇ ಬಂತು, ಪುಟ ಕೆಂಪಾಯಿತು. 8ನೇ ಸೆಕೆಂಡಿಗೆ ಹಳೆಯ ಉತ್ತರ ಬಂದು ಪುಟವನ್ನು ಮತ್ತೆ ಹಸಿರು ಮಾಡಿತು. ನಿಂತ ಪಂಪು ಓಡುತ್ತಿದೆ ಎಂದು ಫೋನು ಹೇಳುತ್ತದೆ. ಬೋರ್ಡು, ಸರ್ವರ್ ಎರಡೂ ಸರಿಯಿವೆ. ಮದ್ದು: ಸೆಟ್‌ಇಂಟರ್‌ವಲ್ ತೆಗೆದು, ಒಂದು ಉತ್ತರ ಬಂದ ಮೇಲೆ ಮುಂದಿನ ಸೆಟ್‌ಟೈಮ್‌ಔಟ್ ಇಡಿ. ಆ ಸಾಲನ್ನು ಫೈನಲಿ ಭಾಗದಲ್ಲಿ ಬರೆಯಿರಿ, ಇಲ್ಲದಿದ್ದರೆ ಒಮ್ಮೆ ನೆಟ್‌ವರ್ಕ್ ತಪ್ಪಿದರೆ ಕೇಳುವುದೇ ನಿಂತುಹೋಗುತ್ತದೆ. ಫೆಚ್‌ಗೆ ಅಬಾರ್ಟ್‌ಸಿಗ್ನಲ್.ಟೈಮ್‌ಔಟ್(4000) ಕೊಟ್ಟು 4 ಸೆಕೆಂಡಿನ ಮಿತಿ ಹಾಕಿ.

ವಾಲ್ವುಗಳದ್ದು ಬೇರೆ ಕಥೆ. ನಾಲ್ಕು ಲೈನಿನ ವಾಲ್ವನ್ನು ಸರದಿಯಲ್ಲಿ ತೆರೆಯಬೇಕೆಂದು ಫಾರ್‌ಈಚ್ ಒಳಗೆ ಅಸಿಂಕ್ ಫಂಕ್ಷನ್ ಬರೆದು, ಅದರೊಳಗೆ ಅವೇಟ್ ಹಾಕಿರುತ್ತಾರೆ. ಓದುವಾಗ ಸರಿಯಾಗಿಯೇ ಕಾಣುತ್ತದೆ. ಆದರೆ ಫಾರ್‌ಈಚ್ ಯಾರಿಗೂ ಕಾಯುವುದಿಲ್ಲ. ನಾಲ್ಕೂ ವಾಲ್ವು ಒಟ್ಟಿಗೆ ತೆರೆಯುತ್ತವೆ, ಒತ್ತಡ ಇಳಿಯುತ್ತದೆ, ಸ್ಪ್ರಿಂಕ್ಲರ್ ತಿರುಗದೆ ಕಂಗಿನ (ಅಡಿಕೆ ಮರದ) ಬುಡದಲ್ಲೇ ನೀರು ಸುರಿಯುತ್ತದೆ. ಫಾರ್ ಆಫ್ ಲೂಪಿಗೆ ಬದಲಿಸಿ:

ಫಾರ್ (ಕಾನ್ಸ್ಟ್ ವಾಲ್ವ್ ಆಫ್ ವಾಲ್ವ್‌ಗಳು) {
  ಅವೇಟ್ ತೆರೆ(ವಾಲ್ವ್);
  ಅವೇಟ್ ಕಾಯು(20 * 60 * 1000);
  ಅವೇಟ್ ಮುಚ್ಚು(ವಾಲ್ವ್);
}

ಇದರಲ್ಲೂ ಒಂದು ಕೊರತೆ ಇದೆ. ಮುಚ್ಚಿ ಆಮೇಲೆ ತೆರೆದರೆ ನಡುವಿನ ಕ್ಷಣದಲ್ಲಿ ಪಂಪಿನ ಎದುರು ಎಲ್ಲ ವಾಲ್ವೂ ಮುಚ್ಚಿರುತ್ತವೆ, ಪೈಪಿನ ಜಾಯಿಂಟಿಗೆ ಪೆಟ್ಟು. ಮುಂದಿನದನ್ನು ತೆರೆದು, ಕೆಲವು ಸೆಕೆಂಡು ಬಿಟ್ಟು ಹಿಂದಿನದನ್ನು ಮುಚ್ಚುವಂತೆ ಸರದಿ ತಿದ್ದಿ. ಕೊನೆಯ ವಾಲ್ವಿಗೆ ಮಾತ್ರ ಮೊದಲು ಪಂಪು ನಿಲ್ಲಬೇಕು.

ಸೆಟ್‌ಟೈಮ್‌ಔಟ್ ಸುತ್ತ ಟ್ರೈ, ಕ್ಯಾಚ್ ಹಾಕಿದರೆ ಕಾಲ್‌ಬ್ಯಾಕಿನೊಳಗಿನ ತಪ್ಪು ಸಿಕ್ಕುವುದಿಲ್ಲ. ಕಾಲ್‌ಬ್ಯಾಕ್ ಓಡುವ ಹೊತ್ತಿಗೆ ಆ ಟ್ರೈ ಎಂದೋ ಮುಗಿದಿರುತ್ತದೆ. ಟ್ರೈ ಅನ್ನು ಕಾಲ್‌ಬ್ಯಾಕಿನ ಒಳಗೇ ಇಡಿ. ನೋಡ್.ಜೆಎಸ್ 15ರಿಂದ ಈಚೆಗೆ ಹಿಡಿಯದೆ ಬಿಟ್ಟ ಒಂದು ಪ್ರಾಮಿಸ್ ತಪ್ಪು ಇಡೀ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ; ಅದರ ನೆನಪಿನಲ್ಲಿದ್ದ ಎಲ್ಲ ಟೈಮರುಗಳೂ ಅದರೊಂದಿಗೆ ಹೋದವು, ಪಂಪನ್ನು ನಿಲ್ಲಿಸಬೇಕಾದದ್ದೂ ಸೇರಿ.

ಫೋನಿನ ಪುಟದ ಟೈಮರನ್ನಂತೂ ಪಂಪು ನಿಲ್ಲಿಸಲು ಎಂದೂ ನಂಬಬೇಡಿ. ಪುಟ ಹಿಂದೆ ಸರಿದರೆ ಬ್ರೌಸರು ಅದರ ಟೈಮರುಗಳನ್ನು ಸೆಕೆಂಡಿಗೊಮ್ಮೆ ಮಾತ್ರ ಓಡಿಸುತ್ತದೆ. 2021ರ ಜನವರಿಯಲ್ಲಿ ಬಂದ ಕ್ರೋಮ್ 88ರಿಂದ, 5 ನಿಮಿಷಕ್ಕೂ ಹೆಚ್ಚು ಮರೆಯಲ್ಲಿರುವ ಪುಟದ ಸರಣಿ ಟೈಮರುಗಳಿಗೆ (ಒಂದು ಓಡಿ ಮುಂದಿನದನ್ನು ಇಡುತ್ತ ಹೋಗುವಂಥವು) ನಿಮಿಷಕ್ಕೊಂದೇ ಸರದಿ. ಫೋನಿನ ಪರದೆ ಆರಿದರೆ ಪುಟವೇ ಹೆಪ್ಪುಗಟ್ಟಬಹುದು. ಆದ್ದರಿಂದ ಪುಟದಲ್ಲಿ ಉಳಿದ ಹೊತ್ತನ್ನು ಒಂದೊಂದೇ ಸೆಕೆಂಡು ಕಳೆಯುತ್ತ ತೋರಿಸುವುದು ತಪ್ಪು. ಬೋರ್ಡು ಕಳಿಸಿದ ಉಳಿದ ಹೊತ್ತಿನಿಂದ ಮುಗಿಯುವ ಗಳಿಗೆಯನ್ನು ಒಮ್ಮೆ ಲೆಕ್ಕ ಹಾಕಿಟ್ಟು, ಪ್ರತಿ ಸಲ ಅದರಿಂದ ಈಗಿನ ಹೊತ್ತನ್ನು ಕಳೆದು ತೋರಿಸಿ. ಪುಟ ಮತ್ತೆ ಕಣ್ಣೆದುರು ಬಂತೆಂದು ತಿಳಿಸುವ ವಿಸಿಬಿಲಿಟಿಚೇಂಜ್ ಘಟನೆ ಬಂದಾಗ ಬೋರ್ಡಿನಿಂದ ಹೊಸತಾಗಿ ಕೇಳಿ.

ನಿಲ್ಲಿಸುವ ಕೆಲಸ ಬೋರ್ಡಿನದ್ದೇ

ಮೇಲಿನದೆಲ್ಲ ಸರಿಮಾಡಿದ ಮೇಲೂ ನಿಲ್ಲಿಸುವ ಜವಾಬ್ದಾರಿ ಪಂಪಿಗೆ ಅತಿ ಹತ್ತಿರದಲ್ಲಿರುವ ಬೋರ್ಡಿನಲ್ಲೇ ಇರಬೇಕು. ಫೋನು, ಕಂಪ್ಯೂಟರು "20 ನಿಮಿಷ ಓಡು" ಎಂದು ಅವಧಿಯೊಂದಿಗೆ ಆದೇಶ ಕೊಡಲಿ. ಬರೀ "ಆನ್" ಎಂಬ ಆದೇಶವನ್ನು ಬೋರ್ಡು ಒಪ್ಪಲೇಬಾರದು. ಯಾವ ಅವಧಿ ಬಂದರೂ ಮೀರದ ಒಂದು ಗರಿಷ್ಠ ಮಿತಿಯನ್ನು, ಟಾಂಕಿಯ ನೀರು ಎಷ್ಟು ಹೊತ್ತು ಬರುತ್ತದೆಂದು ಅಳೆದು, ಬೋರ್ಡಿನ ಕೋಡಿನಲ್ಲೇ ಹಾಕಿ. ಅವಧಿ ಮುಂಚಿತವಾಗಿ ಗೊತ್ತಿಲ್ಲದ ಕೆಲಸವಾದರೆ ಕಂಪ್ಯೂಟರು 30 ಸೆಕೆಂಡಿಗೊಮ್ಮೆ "ಇದ್ದೇನೆ" ಎನ್ನಲಿ, 90 ಸೆಕೆಂಡು ಸುದ್ದಿಯಿಲ್ಲದಿದ್ದರೆ ಬೋರ್ಡು ತಾನೇ ನಿಲ್ಲಿಸಲಿ.

ಬೋರ್ಡು ಏಳುವಾಗಿನ ಸ್ಥಿತಿಯೂ ಮುಖ್ಯ. ಸಾಮಾನ್ಯವಾಗಿ ಸಿಗುವ ರಿಲೇ ಮಾಡ್ಯೂಲುಗಳಲ್ಲಿ ಪಿನ್ ಲೋ ಆದಾಗ ರಿಲೇ ಎಳೆಯುವಂಥವು ಬಹಳ. ಸೆಟಪ್‌ನಲ್ಲಿ ಮೊದಲು ಪಿನ್ನಿಗೆ ಹೈ ಬರೆದು, ಆಮೇಲೆ ಅದನ್ನು ಔಟ್‌ಪುಟ್ ಮಾಡಿ. ಹಿಂದುಮುಂದಾದರೆ ಕರೆಂಟು ಬಂದಾಗಲೆಲ್ಲ ಕಾಂಟ್ಯಾಕ್ಟರ್ ಒಮ್ಮೆ ಟಕ್ ಎನ್ನುತ್ತದೆ. ನೋಡ್‌ಎಂಸಿಯುವಿನಲ್ಲಿ ರಿಲೇಗೆ ಡಿ1, ಡಿ2 ಪಿನ್ನುಗಳೇ ಒಳ್ಳೆಯದು. ಡಿ3, ಡಿ4, ಡಿ8 ಬೋರ್ಡು ಏಳುವ ರೀತಿಯನ್ನೇ ನಿರ್ಧರಿಸುವ ಪಿನ್ನುಗಳು. ಕಾಂಟ್ಯಾಕ್ಟರ್, ಮೋಟರಿನ ತಂತಿ ಕೆಲಸವನ್ನು ಎಲೆಕ್ಟ್ರಿಷಿಯನ್ನರೇ ಮಾಡಲಿ.

49 ದಿನ ಕಾಯದೆ ಪರೀಕ್ಷೆ

ಪರೀಕ್ಷೆಗೆ ಪಂಪು ಬೇಡ. ರಿಲೇಗೆ ಒಂದು ಬಲ್ಬ್ ಸಾಕು. ಕೋಡಿನಲ್ಲಿ ಮಿಲಿಸ್() ಇರುವಲ್ಲೆಲ್ಲ ನಿಮ್ಮದೇ ಹೊತ್ತು() ಫಂಕ್ಷನ್ ಬರುವಂತೆ ಮಾಡಿ, ಅದರೊಳಗೆ ಹೀಗೆ ಬರೆಯಿರಿ:

ರಿಟರ್ನ್ ಮಿಲಿಸ್() + 4294907295ಯುಎಲ್;

ಈಗ ಬೋರ್ಡು ಎದ್ದ ಒಂದು ನಿಮಿಷಕ್ಕೇ ಅಂಕೆ ಉಕ್ಕಿ ಸೊನ್ನೆಗೆ ಬರುತ್ತದೆ. ಎದ್ದು ಅರ್ಧ ನಿಮಿಷಕ್ಕೆ 2 ನಿಮಿಷದ ಓಟ ಕೊಡಿ; ಬಲ್ಬ್ ಪೂರ್ತಿ 2 ನಿಮಿಷ ಉರಿದು ಆರಬೇಕು. ಕೂಡಲೇ ಆರಿದರೆ ಎಲ್ಲೋ ಕೂಡಿಸುವ ಲೆಕ್ಕ ಉಳಿದಿದೆ. ಪರೀಕ್ಷೆ ಮುಗಿದ ಮೇಲೆ ಆ ಅಂಕೆಯನ್ನು ತೆಗೆಯಿರಿ.

ನೋಡ್.ಜೆಎಸ್ ಕೋಡಿಗೆ ಜೆಸ್ಟ್ ಎಂಬ ಪರೀಕ್ಷಾ ಸಾಧನದ ನಕಲಿ ಟೈಮರುಗಳಿವೆ: ಯೂಸ್‌ಫೇಕ್‌ಟೈಮರ್ಸ್ ಕೊಟ್ಟು, 20 ನಿಮಿಷವನ್ನು ಒಂದೇ ಸಾಲಿನಲ್ಲಿ ದಾಟಿಸಬಹುದು. ಒಳಗೆ ಪ್ರಾಮಿಸ್ ಇದ್ದರೆ ಅಡ್ವಾನ್ಸ್‌ಟೈಮರ್ಸ್‌ಬೈಟೈಮ್‌ಅಸಿಂಕ್ ಎಂಬುದನ್ನೇ ಬಳಸಿ. ಅಸಿಂಕ್ ಇಲ್ಲದ್ದನ್ನು ಬಳಸಿದರೆ ಹೊತ್ತು ದಾಟುತ್ತದೆ, ದೆನ್ ಭಾಗ ಓಡಿರುವುದಿಲ್ಲ, ಪರೀಕ್ಷೆ ಸುಮ್ಮನೆ ಸೋಲುತ್ತದೆ.

ಆಮೇಲೆ ಕೈಯಾರೆ ಕೆಡಿಸಿ ನೋಡಿ. ಬಲ್ಬ್ ಉರಿಯುವಾಗ ರೌಟರಿನ ಪ್ಲಗ್ ಕೀಳಿ. ಇನ್ನೊಮ್ಮೆ ನೋಡ್.ಜೆಎಸ್ ಪ್ರೋಗ್ರಾಮನ್ನು ಕೊಲ್ಲಿ. ಸರ್ವರಿನ ಉತ್ತರವನ್ನು 8 ಸೆಕೆಂಡು ತಡ ಮಾಡಿಸಿ. ಫೋನಿನ ಪರದೆ ಆರಿಸಿ 6 ನಿಮಿಷ ಬಿಟ್ಟು ತೆರೆಯಿರಿ. ಓಟದ ಮಧ್ಯೆ ಬೋರ್ಡಿನ ಕರೆಂಟು ತೆಗೆದು ಕೊಡಿ. ಎದ್ದ ಮೇಲೆ ಬಲ್ಬ್ ಆರಿಯೇ ಇರಬೇಕು. ಮೊದಲ ನಾಲ್ಕರಲ್ಲೂ ಬಲ್ಬ್ ಹೇಳಿದ ಹೊತ್ತಿಗೇ ಆರಿದರೆ ಬಲ್ಬ್ ತೆಗೆದು ಕಾಂಟ್ಯಾಕ್ಟರಿನ ತಂತಿ ಕೊಡಿಸಿ. ನಾಲ್ಕು ಹೊತ್ತಿನ ಆ ಲಾಗನ್ನು ಮಾತ್ರ ಬೇಸಗೆ ಮುಗಿಯುವ ತನಕ ತೆಗೆಯಬೇಡಿ.